ಥಾರ್ನ್‌ಸೈಡಿನ ಕೆಂಪು ಬಾಗಿಲು

ಥಾರ್ನ್‌ಸೈಡಿನಲ್ಲಿ ಎಲ್ಲ ಬಾಗಿಲೂ ಹಸಿರು. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಮಲಗಿದಂತಿದ್ದ ಆ ಉದ್ದನೆಯ ಕಾಂಕ್ರೀಟು ಕಟ್ಟಡದಲ್ಲಿ ಪ್ರತಿ ಮಹಡಿಗೂ ಬೀದಿಯಷ್ಟು ಉದ್ದದ ತೆರೆದ ಪಡಸಾಲೆ. ಪಡಸಾಲೆಯುದ್ದಕ್ಕೂ ಒಂದೇ ಅಳತೆಯ, ಒಂದೇ ಬಣ್ಣದ ಬಾಗಿಲುಗಳು. ಕೆಲವು ವರ್ಷಕ್ಕೊಮ್ಮೆ ನಗರಸಭೆಯ ಬಣ್ಣದವರು ಡಬ್ಬ ಹೊತ್ತು ಬಂದು, ಈ ತುದಿಯಿಂದ ಆ ತುದಿಯವರೆಗೆ ಅದೇ ಹಸಿರು ಬಳಿದು ಹೋಗುತ್ತಿದ್ದರು. ಮನೆ ನಗರಸಭೆಯದು, ಬಾಗಿಲೂ ಅದರದೇ. ಬಾಡಿಗೆಗಿದ್ದವರು ಗೋಡೆಗೊಂದು ಮೊಳೆ ಹೊಡೆಯುವುದಕ್ಕೂ ಕೇಳಬೇಕಿತ್ತು.

ಅದರಿಂದ ವಿನ್ನಿ ಹ್ಯಾಲಮ್‌ಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆಯಿದ್ದದ್ದು ಅವಳ ತಮ್ಮ ಎರಿಕ್‌ಗೆ. ಎರಿಕ್ ಆರಡಿ ಎತ್ತರದ ಆಳು; ತಲೆ ನರೆಯುವ ಹೊತ್ತಿಗೂ ಒಳಗೆ ಸಣ್ಣ ಹುಡುಗನಾಗಿಯೇ ಉಳಿದಿದ್ದ. ಬೆಳಿಗ್ಗೆ ಟೀ ಕುಡಿದು ಕೆಳಗಿಳಿದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಬಂದುಹೋಗುವ ಕೆಂಪು ಬಸ್ಸುಗಳಿಗೆಲ್ಲ ಕೈಬೀಸುವುದು ಅವನ ಉದ್ಯೋಗ. ಚಾಲಕರೂ ಮರಳಿ ಕೈಬೀಸುತ್ತಿದ್ದರು. ಹೋಗುವುದು ಸಲೀಸು, ಎಡವಟ್ಟಾಗುತ್ತಿದ್ದದ್ದು ಬರುವಾಗ. ಲಿಫ್ಟಿನಿಂದ ಯಾವ ಮಹಡಿಯಲ್ಲಿ ಹೊರಬಿದ್ದರೂ ಅದೇ ಪಡಸಾಲೆ, ಅದೇ ಹಸಿರು. ಬಾಗಿಲ ಮೇಲಿನ ಅಂಕೆ ಅವನಿಗೆ ಗೀರಿನ ಹಾಗೆ ಕಾಣುತ್ತಿತ್ತೇ ಹೊರತು ಅಂಕೆಯಾಗಿ ಅಲ್ಲ. ತನ್ನದೆಂದು ತೋರಿದ ಬಾಗಿಲಿಗೆ ಬೀಗದ ಕೈ ತೂರಿಸಿ ತಿರುವುತ್ತ ನಿಲ್ಲುತ್ತಿದ್ದ. ತಿರುಗದಿದ್ದರೆ ಅಲ್ಲೇ ಕುಸಿದು ಕೂತು ಅಳುತ್ತಿದ್ದ.

ಒಂದು ಸಂಜೆ ಕೆಳಮಹಡಿಯ ಮಿಸೆಸ್ ಪಾಗ್ಸನ್ ಅವನ ತೋಳು ಹಿಡಿದು ಕರೆತಂದಳು.

"ತಗೋ ವಿನ್ನಿ, ನಿನ್ನ ತಮ್ಮ. ನಮ್ಮನೆ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಬಂದು, ಕೂತು, ನನ್ನ ಗಂಡನ ಪಾಲಿನ ಪೈ ತಿಂದು, ಟೀವಿ ನೋಡ್ತಾ ಇದ್ದ."

"ಅಯ್ಯೋ, ನಿನ್ನ ಗಂಡ ಏನಂದ್ರು?"

"ಏನಂತಾರೆ? ಇವನು ತಿಂದ ತಟ್ಟೆ ತೊಳೆದಿಟ್ಟ ಕಣೇ. ನೋಡಿ ಕಲಿತುಕೊಳ್ಳಿ ಅಂದೆ."

ವಿನ್ನಿ ನಕ್ಕಳು. ಎರಿಕ್ ಮಲಗಿದ ಮೇಲೆ ಆ ನಗು ಉಳಿಯಲಿಲ್ಲ. ಹೀಗೆ ಕೈಹಿಡಿದು ಕರೆತಂದಾಗ ಬಾಗಿಲು ತೆರೆಯುವುದಕ್ಕೆ ತಾನು ಎಷ್ಟು ದಿನ ಇರುತ್ತೇನೆ, ಆಮೇಲೆ ಯಾರ ಮನೆಗೆ ಕರೆತರುತ್ತಾರೆ ಎಂಬ ಯೋಚನೆ ಅವಳನ್ನು ತಿನ್ನುತ್ತಿತ್ತು. ತಾಯಿ ತೀರಿಕೊಂಡಾಗ ಮನೆಯ ಬಾಡಿಗೆ ಹಕ್ಕನ್ನು ವಿನ್ನಿಯ ಹೆಸರಿಗೆ ಮಾಡಿಕೊಟ್ಟ ಗುಮಾಸ್ತ ಒಂದು ಮಾತನ್ನು ಸಹಜವಾಗಿಯೇ ಹೇಳಿದ್ದ. ಈ ಹಕ್ಕು ಕೈಬದಲಾಗುವುದು ಒಂದೇ ಸಲ. ತಾಯಿಯಿಂದ ಮಗಳಿಗೆ ಬಂದಾಯಿತು. ಇನ್ನು ಅವಳ ನಂತರ ಮನೆ ನಗರಸಭೆಗೆ.

"ನನ್ನ ತಮ್ಮ ಇದಾನಲ್ಲ ಸ್ವಾಮಿ?"

"ಅವರಿಗೆ ಎಲ್ಲಾದರೂ ಒಂದು ವ್ಯವಸ್ಥೆ ಆಗುತ್ತೆ."

ಆ ವ್ಯವಸ್ಥೆ ಯಾವುದೆಂದು ವಿನ್ನಿಗೆ ಗೊತ್ತಿತ್ತು. ಊರಾಚೆ, ಗಾಳಿ ಬೀಸುವ ಬಯಲಿನಲ್ಲಿ, ಎತ್ತರದಲ್ಲಿ ಕಿಟಕಿಗಳಿದ್ದ, ಅವನಂಥವರನ್ನು ಇಡುವ ಒಂದು ದೊಡ್ಡ ಕಟ್ಟಡ. ಎರಿಕ್ ಚಿಕ್ಕವನಿದ್ದಾಗ ಡಾಕ್ಟರ ಮಾತು ಕೇಳಿ ತಾಯಿ ಅವನನ್ನು ಅಲ್ಲಿ ಬಿಟ್ಟಿದ್ದಳು. ಬೇಸಗೆ ಮುಗಿಯುವುದರೊಳಗೆ ಅವನು ಮಾತನ್ನೇ ಬಿಟ್ಟದ್ದು ನೋಡಿ, ಯಾರನ್ನೂ ಕೇಳದೆ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದಳು.

ಹಾಗಾಗಿ, ನಗರಸಭೆಯ ಮನೆಯಲ್ಲಿ ಬಾಡಿಗೆಗಿರುವವರು ತಮ್ಮ ಮನೆಯನ್ನು ತಾವೇ ಕೊಳ್ಳಬಹುದು, ಇದ್ದ ವರ್ಷಗಳಿಗೆ ತಕ್ಕಂತೆ ಬೆಲೆಯಲ್ಲಿ ರಿಯಾಯಿತಿಯೂ ಸಿಗುತ್ತದೆ ಎಂಬ ಕಾನೂನು ಬಂದಾಗ, ವಿನ್ನಿ ಬೇರೆಯವರ ಹಾಗೆ ಅಳೆದು ಸುರಿದು ನೋಡಲಿಲ್ಲ. ಕೊಂಡ ಮನೆಯನ್ನು ಎರಿಕ್‌ನ ಹೆಸರಿಗೆ ಬರೆದಿಡಬಹುದು. ಆಮೇಲೆ ಅವನನ್ನು ಯಾರೂ ಎಬ್ಬಿಸುವಂತಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ.

ಅವಳು ಅದನ್ನು ಮೊದಲು ಹೇಳಿದ್ದು ಬೆರಿಲ್‌ಗೆ. ಇಬ್ಬರೂ ಹದಿಹರೆಯದಿಂದ ಒಂದೇ ಚಮಚ ಕಾರ್ಖಾನೆಯಲ್ಲಿ, ಹೊಳಪು ಕೊಡುವ ಚಕ್ರಗಳ ಮುಂದೆ ಅಕ್ಕಪಕ್ಕ ನಿಂತು ದುಡಿದವರು. ಮೈಗೆ ಕಂದು ಕಾಗದ ಸುತ್ತಿಕೊಂಡು, ತಲೆಗೆ ಕೆಂಪು ಬಟ್ಟೆ ಬಿಗಿದು, ಸಂಜೆ ಮೂಗಿನ ತುದಿಯವರೆಗೂ ಕಪ್ಪಾಗಿ ಹೊರಬರುತ್ತಿದ್ದರು. ಮನೆಯೂ ಒಂದೇ ಪಡಸಾಲೆಯಲ್ಲಿ, ಗೋಡೆಗೆ ಗೋಡೆ ತಾಗಿಕೊಂಡು. ಬೆರಿಲ್‌ಗೆ ಮಕ್ಕಳಿರಲಿಲ್ಲ, ಗಂಡ ಬೇಗ ತೀರಿಹೋಗಿದ್ದ, ಗ್ರಂಥಾಲಯದ ಪುಸ್ತಕಗಳ ಹುಚ್ಚಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ಮುರಿಯುವಾಗ ವಿನ್ನಿ ಸುದ್ದಿ ತೆಗೆದಳು.

"ಓಹೋ, ದೊರೆಸಾನಿ ಆಗ್ತೀಯ," ಎಂದಳು ಬೆರಿಲ್. "ಇನ್ಮೇಲೆ ನಿಮ್ಮನೆಗೆ ಬರೋವಾಗ ಚಪ್ಪಲಿ ಹೊರಗೆ ಬಿಡಬೇಕೋ ಏನೋ."

"ನೀನೂ ಕೊಂಡ್ಕೋ."

"ನಾನಾ? ಊಹೂಂ. ಕೊಳಗೇರಿಯಿಂದ ಈ ಮನೆಗೆ ಬಂದ ದಿನ ನಮ್ಮಪ್ಪ ಸ್ನಾನದ ತೊಟ್ಟಿ ಮುಟ್ಟಿ ಮುಟ್ಟಿ ನೋಡಿ ಅತ್ತಿದ್ದ. ಎಲ್ಲರೂ ಕೊಂಡು ಬೀಗ ಹಾಕಿಕೊಂಡ್ರೆ ನಾಳೆ ಬರೋರಿಗೆ ಏನೇ ಉಳಿಯುತ್ತೆ?"

"ನಿಂಗೆ ನಾಳೆ ಬರೋರ ಚಿಂತೆ ಬೆರಿಲ್. ನಂಗೆ ಇವತ್ತು ಇರೋನ ಚಿಂತೆ."

ಬೆರಿಲ್ ಮಡಿಲಲ್ಲಿ ಬಿದ್ದ ಬ್ರೆಡ್ಡಿನ ಪುಡಿ ಕೊಡವಿದಳು. ಆಮೇಲೆ ಕೇಳಿದಳು, "ಹಾಗಾದ್ರೆ ಕೆಳಗಿನ ಸಾಲುಮನೆ?"

ಇಳಿಜಾರಿನ ಬುಡದಲ್ಲಿ ನಗರಸಭೆ ವಯಸ್ಸಾದವರಿಗೆಂದು ಕಟ್ಟಿಸಿದ ಸಾಲುಮನೆಗಳಿದ್ದವು. ನೆಲಮಟ್ಟದ ಪುಟ್ಟ ಮನೆಗಳು. ಮುಂದೆ ಕೈಯಗಲದ ಹೂದೋಟ, ಒಂದು ಬೆಂಚು. ಕೆಲಸ ಮುಗಿಸಿ ಬರುವಾಗ ಇಬ್ಬರೂ ಅಲ್ಲಿನ ಮೋಟುಗೋಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಬೆರಿಲ್‌ಗೆ ತುದಿಯ ಮನೆ, ವಿನ್ನಿಗೆ ಅದರ ಪಕ್ಕದ್ದು. ಮುದುಕಿಯರಾದ ಮೇಲೆ ಬಂದು ಸೇರುವುದೆಂದು ಎಂದೋ ಹಂಚಿಕೊಂಡಾಗಿತ್ತು.

"ಅದು ಎಲ್ಲಿಗೆ ಓಡಿಹೋಗುತ್ತೆ?" ಎಂದಳು ವಿನ್ನಿ. "ಮುದುಕಿ ಆದಾಗ ನೋಡಿದ್ರಾಯ್ತು."

ಮನೆ ಕೈಗೆ ಬಂದ ಶನಿವಾರವೇ ಅವಳು ಎರಿಕ್‌ನನ್ನು ಬಣ್ಣದಂಗಡಿಗೆ ಕರೆದುಕೊಂಡು ಹೋದಳು. ಎರಿಕ್ ಡಬ್ಬಗಳ ಸಾಲಿನಲ್ಲಿ ಹುಡುಕಾಡಲೇ ಇಲ್ಲ. ಅಂಗಡಿಯ ಗಾಜಿನಾಚೆ ಬಂದು ನಿಂತ ಬಸ್ಸಿಗೆ ಬೆರಳು ತೋರಿಸಿದ. ಭಾನುವಾರ ಇಡೀ ದಿನ ಅಕ್ಕತಮ್ಮ ಸೇರಿ ಬಾಗಿಲಿಗೆ ಆ ಕೆಂಪು ಬಳಿದರು. ಅರ್ಧ ಬಾಗಿಲಿಗೆ, ಇನ್ನರ್ಧ ಎರಿಕ್‌ನ ಅಂಗಿಗೆ. ಕಟ್ಟಡದ ಮೇಲ್ವಿಚಾರಕ ಬಂದು ಗದ್ದ ತುರಿಸಿಕೊಳ್ಳುತ್ತ ನಿಂತ.

"ಬಾಗಿಲು ಹಸಿರೇ ಇರಬೇಕು ಅಂತ ನಿಯಮ ಇದೆಯಲ್ಲಮ್ಮ."

"ಬಾಡಿಗೆಯವರ ಬಾಗಿಲಿಗಲ್ವಾ ಆ ನಿಯಮ?"

ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಲ್ಕು ಕಡೆ ತಿರುಗಿ ನೋಡಿ ಹೊರಟುಹೋದ. ಪಡಸಾಲೆಯವರು, ಬೆಂಕಿ ಬಿದ್ದ ಹಾಗಿದೆ, ಅಗ್ನಿಶಾಮಕದವರನ್ನು ಕರೆಯೋಣವೇ ಎಂದು ಒಂದು ವಾರ ಆಡಿಕೊಂಡರು. ಎರಿಕ್ ಮಾತ್ರ ಅಂದಿನಿಂದ ದಾರಿ ತಪ್ಪಲಿಲ್ಲ. ಲಿಫ್ಟಿನಿಂದ ತಲೆ ಹೊರಗೆ ಚಾಚಿ ನೋಡುವನು. ಎಲ್ಲ ಹಸಿರಿದ್ದರೆ ಮತ್ತೆ ಒಳಗೆ. ಕೆಂಪು ಕಂಡರೆ ಇಳಿದು ಓಡುವನು. ಅವನು ಜೇಬಿನಿಂದ ಬೀಗದ ಕೈ ತೆಗೆದು ತಾನೇ ಬಾಗಿಲು ತೆರೆಯುವ ಸದ್ದು ಕೇಳುವುದಕ್ಕಾಗಿ ವಿನ್ನಿ ಅಡುಗೆಮನೆಯಲ್ಲಿ ನಲ್ಲಿಯನ್ನು ನಿಲ್ಲಿಸಿ ಕಾಯುತ್ತಿದ್ದಳು. ಬೆರಿಲ್ ಅಷ್ಟೆಲ್ಲ ಹಂಗಿಸಿದವಳು ಈ ಬಾಗಿಲಿನ ವಿಷಯಕ್ಕೆ ಒಂದು ದಿನವೂ ಬಾಯಿ ಹಾಕಲಿಲ್ಲ.

ಹೀಗೆ ಬಹಳ ವರ್ಷ ನಡೆಯಿತು. ಕಾರ್ಖಾನೆ ಮುಚ್ಚಿತು. ವಿನ್ನಿ ಶಾಲೆಯೊಂದರಲ್ಲಿ ಊಟ ಬಡಿಸಿ ಸಾಲದ ಕಂತು ತೀರಿಸಿದಳು. ಬೆರಿಲ್ ಗ್ರಂಥಾಲಯದಲ್ಲಿ ನೆಲ ಒರೆಸುವ ಕೆಲಸ ಹಿಡಿದು, ಒರೆಸಿದ್ದಕ್ಕಿಂತ ಓದಿದ್ದೇ ಹೆಚ್ಚು ಎಂದು ಹೇಳಿಕೊಂಡು ತಿರುಗಿದಳು. ಊರಿನ ಬಸ್ಸುಗಳ ಬಣ್ಣ ಬದಲಾಯಿತು. ಎರಿಕ್ ಒಂದು ದಿನ ಮುನಿಸಿಕೊಂಡು ಮಾರನೆಯ ದಿನ ಹೊಸ ಬಣ್ಣಕ್ಕೂ ಕೈಬೀಸಿದ.

ತನ್ನ ನಂತರ ತಮ್ಮನ ಗತಿಯೇನು ಎಂದು ವಿನ್ನಿ ಮನೆ ಕೊಂಡಿದ್ದಳು. ತಮ್ಮನೇ ಮೊದಲು ಹೋಗಬಹುದೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಒಂದು ಫೆಬ್ರುವರಿಯಲ್ಲಿ ನಿಲ್ದಾಣದ ಬೆಂಚಿನ ಮೇಲೆ ನೆನೆದು ಬಂದ ಎರಿಕ್‌ಗೆ ಎದೆ ಕಟ್ಟಿತು. ತಿಂಗಳು ಕಳೆಯುವುದರೊಳಗೆ ಇಲ್ಲವಾದ. ಅಂತ್ಯಕ್ರಿಯೆಗೆ ಬಸ್ ಚಾಲಕರು ಬಂದಿದ್ದರು, ಸಮವಸ್ತ್ರದಲ್ಲೇ. ಎಲ್ಲರೂ ಹೋದ ಮೇಲೆ ವಿನ್ನಿ ಅವನ ಬೀಗದ ಕೈಯನ್ನು ತನ್ನ ಮೇಲಂಗಿಯ ಜೇಬಿಗೆ ಹಾಕಿಕೊಂಡಳು. ಆಮೇಲೆ ಅದು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಅವಳ ಮಂಡಿಗಳು ಮಾತು ಕೇಳುವುದನ್ನು ಬಿಟ್ಟಿದ್ದವು. ಲಿಫ್ಟು ವಾರದಲ್ಲಿ ಕೆಲವು ದಿನ ಓಡುತ್ತಿತ್ತು, ಕೆಲವು ದಿನ ಇಲ್ಲ. ಇನ್ನು ತಡ ಮಾಡುವುದು ಬೇಡವೆಂದು ಬೆರಿಲ್ ಸಾಲುಮನೆಯ ಮಾತೆತ್ತಿದಳು. ಇಬ್ಬರೂ ಒಳ್ಳೆಯ ಕೋಟು ತೊಟ್ಟು ನಗರಸಭೆಗೆ ಹೋದರು. ಕಿಟಕಿಯಾಚೆ ಕೂತಿದ್ದವಳು ಮಿಸ್ ರೆನ್‌ಶಾ, ಮೃದುವಾಗಿ ಮಾತಾಡುವ ಹುಡುಗಿ. ಬೆರಿಲ್‌ಳ ಹೆಸರು ಬರೆದುಕೊಂಡಳು. ವಿನ್ನಿಯ ಹೆಸರು ಕೇಳಿ ಪೆನ್ನು ಕೆಳಗಿಟ್ಟಳು.

"ನಿಮ್ಮದು ಸ್ವಂತ ಮನೆ, ಮಿಸ್ ಹ್ಯಾಲಮ್. ಸ್ವಂತ ಮನೆ ಇರೋರಿಗೆ ಇದು ಸಿಗಲ್ಲ."

"ಅದನ್ನ ಮಾರಿ ಬಿಡ್ತೀನಮ್ಮ."

"ಮಾರಿ ನೋಡಿ. ಆದರೆ ಥಾರ್ನ್‌ಸೈಡ್ ಕಾಂಕ್ರೀಟು ಅಂದ್ರೆ ಯಾವ ಬ್ಯಾಂಕೂ ಸಾಲ ಕೊಡ್ತಿಲ್ಲ. ಕೊಳ್ಳೋರು ಸಿಗೋದು ಕಷ್ಟ."

"ಹಾಗಾದ್ರೆ ನೀವೇ ವಾಪಸ್ ತಗೊಳ್ಳಿ. ಒಂದು ಕಾಸೂ ಬೇಡ. ಮೊದಲಿನ ಹಾಗೆ ಬಾಡಿಗೆಯವಳು ಅಂತ ಬರ್ಕೊಳ್ಳಿ."

ಮಿಸ್ ರೆನ್‌ಶಾ ಕಷ್ಟಪಟ್ಟು ಹೇಳಿದಳು, "ಸುಮ್ಮನೆ ಬಿಟ್ಟುಕೊಟ್ರೆ, ಇದ್ದ ಮನೇನ ಬೇಕಂತಲೇ ಕಳೆದುಕೊಂಡೋರು ಅಂತ ಆಗುತ್ತೆ. ಅಂಥವರಿಗೆ ಮನೆ ಕೊಡೋ ಹೊಣೆ ನಮ್ಮದಲ್ಲ."

"ಕೊಳ್ಳಿ ಕೊಳ್ಳಿ ಅಂತ ನೀವೇ ಮನೆಮನೆಗೆ ಕಾಗದ ಹಂಚಿದ್ರಲ್ಲೇ ತಾಯಿ," ಎಂದಳು ಬೆರಿಲ್.

"ನಾನಾಗ ಹುಟ್ಟಿರಲಿಲ್ಲ ಮೇಡಂ," ಎಂದಳು ಮಿಸ್ ರೆನ್‌ಶಾ. ಹೇಳಿದ್ದು ಸುಳ್ಳೇನಲ್ಲ.

ಬರುವಾಗ ಬಸ್ಸಿನಲ್ಲಿ ಬೆರಿಲ್ ತಾನೂ ಹೋಗುವುದಿಲ್ಲವೆಂದು ಹಟ ಹಿಡಿದಳು. ವಿನ್ನಿ ಕಿಟಕಿಯ ಕಡೆಗೆ ತಿರುಗಿದ್ದವಳು ಮುಖ ಈಚೆಗೆ ಮಾಡದೆಯೇ ಹೇಳಿದಳು, "ನೀನು ಹೋಗು. ಇಬ್ಬರೂ ಮೇಲೇ ಕೂತ್ರೆ ನಮಗೆ ಆಲೂಗಡ್ಡೆ ತರೋರು ಯಾರು?"

ಬೆರಿಲ್‌ಗೆ ಅವಳು ಬಯಸಿದ್ದ ತುದಿಯ ಮನೆಯೇ ಸಿಕ್ಕಿತು. ಪಕ್ಕದ್ದು ಖಾಲಿಯಾದಾಗ ಗಿಳಿಮರಿಗಳನ್ನು ಸಾಕಿದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ಸೇರಿದ.

ಅದಾದ ಮೇಲೆಯೇ ಥಾರ್ನ್‌ಸೈಡನ್ನು ಕೆಡವುವ ಮಾತು ಬಂದದ್ದು. ಕಾಂಕ್ರೀಟು ಒಳಗೊಳಗೇ ಹಾಳಾಗಿದೆಯಂತೆ. ರಿಪೇರಿಗಿಂತ ಕೆಡವುವುದೇ ಲೇಸಂತೆ. ಬಾಡಿಗೆಯವರಿಗೆಲ್ಲ ಬೇರೆ ಕಡೆ ಮನೆ ಕೊಟ್ಟರು. ಪಾಗ್ಸನ್ ದಂಪತಿ ಹೊಸ ಅಡುಗೆಮನೆಯಿದ್ದ ಮನೆಗೆ ಹೋದರು. ಹೋಗುವ ಮುನ್ನ ಮಿಸೆಸ್ ಪಾಗ್ಸನ್ ಬಂದು ಬಹಳ ಹೊತ್ತು ವಿನ್ನಿಯ ಕೈ ಹಿಡಿದುಕೊಂಡು ಕೂತಿದ್ದಳು. ಒಂದೊಂದು ಮನೆ ಖಾಲಿಯಾದ ಹಾಗೆಲ್ಲ ಆಳುಗಳು ಬಂದು ಹಸಿರು ಬಾಗಿಲ ಮೇಲೆ ಉಕ್ಕಿನ ತಗಡು ಬಿಗಿದರು. ಮೊದಮೊದಲು ಹಲ್ಲು ಬಿದ್ದ ಹಾಗೆ ಅಲ್ಲೊಂದು ಇಲ್ಲೊಂದು. ಆಮೇಲೆ ಪಡಸಾಲೆಯ ಆ ತುದಿಯಿಂದ ಈ ತುದಿಯವರೆಗೂ ಬೂದು ತಗಡು, ನಡುವೆ ಒಂದು ಕೆಂಪು ಬಾಗಿಲು. ಸಂಜೆ ಬಾಗಿಲು ತೆರೆದರೆ ಅಡುಗೆಯ ವಾಸನೆ ಇಲ್ಲ, ಬೈಗುಳ ಇಲ್ಲ, ರೇಡಿಯೋ ಇಲ್ಲ. ಗಾಳಿಗೆ ಎಲ್ಲೋ ಒಂದು ತಗಡು ಬಡಿದುಕೊಳ್ಳುತ್ತಿತ್ತು.

ಮಿಸ್ ರೆನ್‌ಶಾ ಒಂದು ದಿನ ತಾನಾಗಿಯೇ ಬಂದಳು. ಲಿಫ್ಟು ಕೆಟ್ಟಿತ್ತು, ನಾಲ್ಕನೇ ಮಹಡಿಗೆ ಹತ್ತಿ ಬರುವುದರೊಳಗೆ ಏದುಸಿರು ಬಿಡುತ್ತಿದ್ದಳು. ವಿನ್ನಿ ಟೀಯನ್ನೂ ಶುಂಠಿ ಕೇಕನ್ನೂ ಮುಂದಿಟ್ಟಳು.

"ನಿಮಗೊಂದು ದಾರಿ ಇದೆ, ಮಿಸ್ ಹ್ಯಾಲಮ್. ನೀವು ಬಿಟ್ಟು ಹೋದ್ರೆ ನಮ್ಮ ಹೊಣೆ ಇಲ್ಲ. ಆದರೆ ಕೆಡವೋದಕ್ಕೆ ಅಂತ ಕಾನೂನಿನ ಬಲದಿಂದ ನಾವೇ ನಿಮ್ಮನ್ನ ಎಬ್ಬಿಸಿದ್ರೆ, ಆಗ ಬೇರೆ ಮನೆ ಕೊಡಲೇಬೇಕು. ಸಾಲುಮನೇನೂ ಕೊಡಬಹುದು."

"ಅಂದ್ರೆ, ನೀವು ನನ್ನ ಹೊರಗೆ ಹಾಕೋವರೆಗೂ ನಾನು ಕಾಯಬೇಕು."

"ಹೌದು. ಆ ದಿನ ನೀವು ಇಲ್ಲೇ ವಾಸ ಇರಬೇಕು. ಬೇರೆ ಕಡೆ ಹೋಗಿ ಇದ್ರೆ ಆ ಹಕ್ಕು ಹೋಯ್ತು."

"ಯಾವಾಗ ಬರುತ್ತೆ ಆ ದಿನ?"

"ತೀರ್ಮಾನ ಆಗಿಲ್ಲ," ಎಂದಳು ಹುಡುಗಿ. ಕೇಕಿನ ಚೂರನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸುತ್ತ, "ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡಿ" ಎಂದಳು.

ಅಂದಿನಿಂದ ವಿನ್ನಿಯ ಕಾಯುವಿಕೆ ಶುರುವಾಯಿತು. ಹಿಂದೆ ಎರಿಕ್‌ನನ್ನು ಹೊರಗೆ ಹಾಕಿಯಾರು ಎಂದು ಹೆದರಿ ಮನೆ ಕೊಂಡವಳು, ಈಗ ತನ್ನನ್ನು ಎಂದು ಹೊರಗೆ ಹಾಕುತ್ತಾರೋ ಎಂದು ಹಾದಿ ನೋಡತೊಡಗಿದಳು. ನಡುವೆ ಅವಳು ಅಲ್ಲಿಂದ ಕದಲುವಂತಿರಲಿಲ್ಲ. ಕ್ರಿಸ್‌ಮಸ್‌ಗೆ ಬೆರಿಲ್‌ಳ ಮನೆಯಲ್ಲಿ ಊಟ ಮಾಡಿದರೂ ಸಂಜೆಯಾಗುವುದರೊಳಗೆ ವಾಪಸ್. ಸೋಫಾದ ಮೇಲೆ ಒಂದು ರಾತ್ರಿ ಮಲಗು ಎಂದರೆ, "ಯಾರಾದ್ರೂ ನೋಡಿ ಹೇಳಿಬಿಟ್ರೆ?" ಎನ್ನುವಳು. ಲಿಫ್ಟು ಪೂರ್ತಿ ನಿಂತ ಮೇಲೆ ಅದೂ ತಪ್ಪಿತು.

ಆಗ ಬೆರಿಲ್ ಹಗ್ಗದ ಉಪಾಯ ತೆಗೆದಳು. ವಿನ್ನಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಬುಟ್ಟಿ ಕಟ್ಟಿ ಬಾಲ್ಕನಿಯಿಂದ ಇಳಿಬಿಡುವಳು. ಬೆರಿಲ್ ಕೆಳಗೆ ನಿಂತು ತುಂಬಿಸುವಳು. ಹಾಲು, ಬ್ರೆಡ್ಡು, ಆಲೂಗಡ್ಡೆ, ಶುಕ್ರವಾರ ಕಾಗದದಲ್ಲಿ ಸುತ್ತಿದ ಬಿಸಿ ಮೀನು. ಒಮ್ಮೆ ಮೇಲೆಳೆದ ಬುಟ್ಟಿಯಲ್ಲಿ ದಪ್ಪನೆಯ ಪುಸ್ತಕವೊಂದು ಬಂತು.

"ಏನೇ ಇದು, ಇಟ್ಟಿಗೆ ಹಾಗಿದೆ," ಎಂದು ವಿನ್ನಿ ಮೇಲಿಂದ ಕೂಗಿದಳು.

"ಓದೇ. ಹೊತ್ತು ಹೋಗುತ್ತೆ."

"ಹೊತ್ತು ತಾನಾಗೇ ಹೋಗ್ತಿದೆ ಕಣೇ. ಸಕ್ಕರೆ ಕಳಿಸು."

ಖಾಲಿ ಕಟ್ಟಡದ ತಾಮ್ರದ ತಂತಿ ಕದಿಯುವವರು ಹೆಚ್ಚಾದರೆಂದು ನಗರಸಭೆ ಟ್ರೆವರ್ ಎಂಬ ಕಾವಲುಗಾರನನ್ನೂ ಒಂದು ಸೋಮಾರಿ ನಾಯಿಯನ್ನೂ ಕೆಳಗೆ ಇಟ್ಟಿತ್ತು. ಅವನು ಈ ಇಬ್ಬರ ಕೂಗಾಟ ಕೇಳುವುದಕ್ಕೆಂದೇ ಆ ಹೊತ್ತಿಗೆ ಕುರ್ಚಿ ಎಳೆದುಕೊಂಡು ಬರುತ್ತಿದ್ದ. ಹಾಗಾಗಿ ಆ ಮಾರ್ಚ್ ತಿಂಗಳ ಬೆಳಿಗ್ಗೆ ನಡೆದದ್ದಕ್ಕೆ ಅವನೇ ಸಾಕ್ಷಿ. ಇಬ್ಬರು ಹೆಂಗಸರು ಕೂಡ ನೋಂದಣಿ ಕಚೇರಿಗೆ ಹೋಗಿ ಸಂಗಾತಿಗಳೆಂದು ಹೆಸರು ಬರೆಸಬಹುದು, ಗಂಡಹೆಂಡಿರಿಗಿರುವ ಹಕ್ಕುಗಳು ಅವರಿಗೂ ಸಿಗುತ್ತವೆ ಎಂಬ ಕಾನೂನು ಆ ಚಳಿಗಾಲದಲ್ಲಷ್ಟೇ ಜಾರಿಗೆ ಬಂದಿತ್ತು. ಬೆರಿಲ್ ಅದನ್ನು ಪತ್ರಿಕೆಯಲ್ಲಿ ಎರಡು ಸಲ ಓದಿ, ಚರ್ಚಿಗೆ ಹೋಗುವ ಟೋಪಿ ಧರಿಸಿ ಬಂದು ಕೆಳಗೆ ನಿಂತಳು.

"ವಿನ್ನಿ, ಕೇಳಿಸ್ತಿದೆಯಾ? ನನ್ನ ಮದುವೆ ಆಗ್ತೀಯಾ?"

ವಿನ್ನಿ ಬಾಲ್ಕನಿಯಿಂದ ಬಗ್ಗಿ ನೋಡಿದಳು.

"ಕುಡಿದಿದೀಯಾ?"

"ಟೀ ಕುಡಿದಿದೀನಿ. ಹೆಂಡತಿ ಅಂತ ಆದ್ರೆ ನನ್ನ ಮನೇಲಿ ಇರಬಹುದು. ಯಾರೂ ಏಳು ಅನ್ನೋ ಹಾಗಿಲ್ಲ."

"ಹೂಂ ಅಂದ್ಬಿಡಿ ಅಜ್ಜಿ," ಎಂದು ಟ್ರೆವರ್ ಕೂಗಿದ. "ಉಂಗುರಕ್ಕೆ ಬೇಕಾದ್ರೆ ಇಲ್ಲೇ ತಾಮ್ರದ ತಂತಿ ಬಿದ್ದಿದೆ."

"ನಾಳೆ ಹೇಳ್ತೀನಿ," ಎಂದಳು ವಿನ್ನಿ.

ಆ ಮಧ್ಯಾಹ್ನ ಅವಳು ಮಿಸ್ ರೆನ್‌ಶಾಗೆ ಫೋನು ಮಾಡಿ, ಯಾರದೋ ಕಥೆಯೆಂಬಂತೆ ಕೇಳಿದಳು. ಆಗಬಹುದು, ಆದರೆ ಸ್ವಂತ ಮನೆಯಿದ್ದವರನ್ನು ಸಂಗಾತಿ ಮಾಡಿಕೊಂಡರೆ ಸಾಲುಮನೆ ಪಡೆದವರ ಅರ್ಹತೆಯನ್ನೇ ಮತ್ತೆ ಪರಿಶೀಲಿಸುತ್ತಾರೆ, ಏನಾಗುತ್ತದೋ ಹೇಳುವುದಕ್ಕೆ ಬರುವುದಿಲ್ಲ ಎಂದಳು ಅವಳು. ವಿನ್ನಿ ಫೋನು ಇಟ್ಟು, ಬಾಲ್ಕನಿಗೆ ಹೋಗಿ, ಇಳಿಜಾರಿನ ಬುಡದಲ್ಲಿ ಬೆರಿಲ್ ಹೂಗಿಡಕ್ಕೆ ಮಣ್ಣು ಏರಿಸುತ್ತಿದ್ದುದನ್ನು ನೋಡುತ್ತ ನಿಂತಳು. ಮರುದಿನ ಬುಟ್ಟಿ ಇಳಿಬಿಡುವಾಗ ಉತ್ತರ ಕೊಟ್ಟಳು.

"ಆಗಲ್ಲ ಕಣೇ. ಗೋಡೆಯಾಚೆಯಿಂದಲೇ ನಿನ್ನ ಗೊರಕೆ ತಡೆಯೋಕೆ ಆಗ್ತಿರಲಿಲ್ಲ. ಪಕ್ಕದಲ್ಲೇ ಅಂದ್ರೆ ನಾನು ಉಳಿಯಲ್ಲ."

ಬೆರಿಲ್ ಟೋಪಿ ತೆಗೆದು ಬುಟ್ಟಿಗೆ ಹಾಕಿ ಕಳಿಸಿದಳು. ತಾನು ತಿರಸ್ಕೃತಳಾದ ಕಾರಣ ಟೋಪಿಯ ಹಂಗು ಬೇಡವಂತೆ. ನಿಜವಾದ ಕಾರಣ ಅವಳಿಗೆ ತಿಳಿದದ್ದು ಬಹಳ ದಿನದ ಮೇಲೆ, ಮಿಸ್ ರೆನ್‌ಶಾ ಬಾಯಿತಪ್ಪಿ ಹೇಳಿದಾಗ.

ಮುಂದಿನ ಚಳಿಗಾಲ ವಿನ್ನಿ ಅಡುಗೆಮನೆಯಲ್ಲಿ ಜಾರಿ ಬಿದ್ದಳು. ಬುಟ್ಟಿ ಇಳಿಯದ್ದು ನೋಡಿ ಬೆರಿಲ್ ಟ್ರೆವರ್‌ನನ್ನು ಮೇಲಕ್ಕೆ ಓಡಿಸಿದಳು. ಅವನು ಆಂಬುಲೆನ್ಸಿನವರನ್ನು ಕರೆದ. ಬಂದ ಹೆಂಗಸು ಸೊಂಟ ಮುಟ್ಟಿ ನೋಡಿ, ಮೂಳೆ ಬಿರುಕು ಬಿಟ್ಟಿರಬಹುದು, ಆಸ್ಪತ್ರೆಗೆ ಹೋಗಲೇಬೇಕು ಎಂದಳು.

"ಎಷ್ಟು ದಿನ?"

"ಕೆಲವು ವಾರ ಆಗಬಹುದು."

"ಅಲ್ಲಿ ಮಲಗಿದ್ರೆ, ಇಲ್ಲಿ ವಾಸ ಇದೀನಿ ಅಂತ ಲೆಕ್ಕ ಆಗುತ್ತಾ?"

ಆಂಬುಲೆನ್ಸಿನವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಟ್ರೆವರ್‌ಗೂ ಗೊತ್ತಿರಲಿಲ್ಲ. ಅಂದು ಶನಿವಾರ, ಕಚೇರಿಗೆ ರಜೆ. ವಿನ್ನಿ ಮೇಜಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, ನಾನು ಬರುವುದಿಲ್ಲ, ಬಲವಂತ ಮಾಡುವಂತಿಲ್ಲ, ಇದು ನನ್ನ ಸ್ವಂತ ಮನೆ ಎಂದಳು. ಅವರು ನೋವಿನ ಗುಳಿಗೆ ಕೊಟ್ಟು, ಅವಳನ್ನು ಹಾಸಿಗೆಯ ಮೇಲೆ ಮಲಗಿಸಿ ಹೊರಟರು. ಬೆರಿಲ್ ಅಂದು, ತನ್ನ ಉಬ್ಬಸದ ಎದೆ ಹೊತ್ತುಕೊಂಡು, ಒಂದೊಂದು ಮಹಡಿಗೂ ಕೂತು ಕೂತು ಹತ್ತಿ ಬಂದಳು. ಎರಿಕ್‌ನ ಹಾಸಿಗೆಯಲ್ಲಿ ಮಲಗಿ ಅವಳನ್ನು ನೋಡಿಕೊಂಡ ಆ ದಿನಗಳಲ್ಲಿ ಬೆರಿಲ್ ಆ ಇಟ್ಟಿಗೆಯಂಥ ಪುಸ್ತಕವನ್ನೇ ಗಟ್ಟಿಯಾಗಿ ಓದಿದಳು. ವಿನ್ನಿ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದಳು.

ಸೊಂಟ ಸೊಟ್ಟಗೆ ಕೂಡಿಕೊಂಡಿತು. ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದರೂ ಹಕ್ಕಿಗೆ ಏನೂ ಆಗುತ್ತಿರಲಿಲ್ಲ ಎಂದು ಮಿಸ್ ರೆನ್‌ಶಾ ಆಮೇಲೆ ಹೇಳಿದಳು. "ಒಂದು ಫೋನ್ ಮಾಡಿದ್ರೆ ಆಗ್ತಿತ್ತು," ಎನ್ನುವಾಗ ಅವಳ ಕಣ್ಣು ತುಂಬಿತ್ತು. ವಿನ್ನಿ ಅವಳಿಗೇ ಸಮಾಧಾನ ಹೇಳಿದಳು. "ಇರಲಿ ಬಿಡಮ್ಮ. ನಿಂಗೇನು ಗೊತ್ತಿತ್ತು, ನಾನು ಇಷ್ಟು ದಡ್ಡಿ ಅಂತ."

ಹೊರಗೆ ಹಾಕುವ ಆದೇಶ ಬಂದದ್ದು ಅದರ ಮುಂದಿನ ಶರತ್ಕಾಲಕ್ಕೆ. ಸಾಮಾನು ಸಾಗಿಸುವ ಇಬ್ಬರು ಗಟ್ಟಿ ಆಳುಗಳು ವಿನ್ನಿಯನ್ನು ಅಡುಗೆಮನೆಯ ಕುರ್ಚಿಯ ಮೇಲೆ ಕೂರಿಸಿ, ಕುರ್ಚಿ ಸಮೇತ ಎತ್ತಿ ಇಳಿಸಿದರು. ಹೊರಡುವ ಮುನ್ನ ಕೆಂಪು ಬಾಗಿಲನ್ನು ತಾನೇ ಎಳೆದು ಮುಚ್ಚಿದ್ದಳು. ಬೀಗದ ಕೈಯನ್ನು ಅಧಿಕಾರಿಗೆ ಕೊಟ್ಟಳು. ಎರಿಕ್‌ನದನ್ನು ಯಾರೂ ಕೇಳಲಿಲ್ಲ, ಇವಳೂ ಕೊಡಲಿಲ್ಲ.

"ಮದುವಣಗಿತ್ತಿ ಪಲ್ಲಕ್ಕೀಲಿ ಬಂದ ಹಾಗೆ ಬರ್ತಿದಾಳೆ," ಎಂದಳು ಕೆಳಗೆ ಕಾದಿದ್ದ ಬೆರಿಲ್. "ಮೊದಲೇ ಹೂಂ ಅಂದಿದ್ರೆ ನಾನೇ ಹೊತ್ತುಕೊಂಡು ಹೋಗ್ತಿದ್ದೆ."

ಅವಳಿಗೆ ಸಿಕ್ಕ ಸಾಲುಮನೆ ಬೆರಿಲ್‌ಳ ಪಕ್ಕದ್ದಲ್ಲ. ಗಿಳಿಮರಿಯ ಪೋಸ್ಟ್‌ಮ್ಯಾನ್ ಇನ್ನೂ ಗಟ್ಟಿಮುಟ್ಟಾಗಿದ್ದ. ಇದು ಸಾಲಿನ ಆ ತುದಿ. ಸರಿಯಾದ ಸೊಂಟವಿದ್ದವರಿಗೆ ಅದೇನೂ ದೂರವಲ್ಲ. ವಿನ್ನಿ ಊರಿಕೊಂಡು ನಡೆಯುವ ನಾಲ್ಕು ಕಾಲಿನ ಚೌಕಟ್ಟು ಹಿಡಿದು, ನಡುನಡುವೆ ನಿಂತು, ದಿನಾ ಮಧ್ಯಾಹ್ನ ಬೆರಿಲ್‌ಳ ಬೆಂಚಿಗೆ ಬರುತ್ತಿದ್ದಳು. ಇಬ್ಬರೂ ಕಂಬಳಿ ಹೊದ್ದು ಕೂತು ಟೀ ಕುಡಿಯುತ್ತಿದ್ದರು. ಎದುರಿಗೆ, ಮೇಲೆ, ಥಾರ್ನ್‌ಸೈಡ್ ಇನ್ನೂ ನಿಂತೇ ಇತ್ತು. ಕೆಡವುವುದಕ್ಕೆಂದೇ ಅವಳನ್ನು ಎಬ್ಬಿಸಿದವರು ಕೆಡವುವುದಕ್ಕೆ ಬರಲಿಲ್ಲ.

ಸಾಲುಮನೆಯ ಬಾಗಿಲುಗಳೆಲ್ಲ ಬಿಳಿ. ನವೆಂಬರಿನ ಒಂದು ಸಂಜೆ, ವಿನ್ನಿ ಟೀ ಕುಡಿದು ಹೊರಟ ಸ್ವಲ್ಪ ಹೊತ್ತಿಗೆ, ಬೆರಿಲ್‌ಗೆ ತನ್ನ ಮುಂಬಾಗಿಲಿನ ಬೀಗದಲ್ಲಿ ಯಾರೋ ಕೈಯಾಡಿಸುವ ಸದ್ದು ಕೇಳಿಸಿತು. ತೆರೆದರೆ ವಿನ್ನಿ. ಅರ್ಧ ದಾರಿ ಹೋಗಿ ಎಲ್ಲೋ ತಿರುಗಿಕೊಂಡಿದ್ದಳು. ಕೈಯಲ್ಲಿದ್ದದ್ದು ಎರಿಕ್‌ನ ಬೀಗದ ಕೈ.

"ತಿರುಗ್ತಾನೇ ಇಲ್ಲ ಕಣೇ," ಎಂದಳು ಅವಳು.

"ಇದು ನನ್ನ ಮನೆ ವಿನ್ನಿ. ನಿನ್ನದು ಆ ಕಡೆ."

ವಿನ್ನಿ ಸಾಲಿನುದ್ದಕ್ಕೂ ನೋಡಿದಳು. "ಎಲ್ಲ ಒಂದೇ ಥರ ಇದೆ," ಎಂದಳು. ಆಮೇಲೆ ತನ್ನ ಕೈಯಲ್ಲಿದ್ದುದನ್ನು ನೋಡಿದಳು; ಗುರುತು ಹಿಡಿದಳು. "ಪಾಪ, ಅವನಿಗೆ ದಿನಾ ಹೀಗೇ ಆಗ್ತಿತ್ತು."

ಬೆರಿಲ್ ಅವಳ ತೋಳು ಹಿಡಿದು ಮನೆ ಮುಟ್ಟಿಸಿದಳು. ಮಾರನೆಯ ದಿನ ಪೆಟ್ಟಿಗೆಯ ತಳದಿಂದ ಕಾರ್ಖಾನೆಯ ಕಾಲದ ಕೆಂಪು ತಲೆಬಟ್ಟೆ ಹುಡುಕಿ ತಂದು, ವಿನ್ನಿಯ ಬಾಗಿಲ ಹಿಡಿಗೆ ಬಿಗಿದು ಕಟ್ಟಿದಳು. ಸಾಲುಮನೆಗಳನ್ನು ನೋಡಿಕೊಳ್ಳುವವಳು ಬಂದು, ಬಾಗಿಲ ಮೇಲೆ ಏನೂ ಇರುವಂತಿಲ್ಲ ಎಂದಳು.

"ಬಣ್ಣ ಬಳಿಯಬಾರದು ಅಂತ ಬರೆದಿದೀರಿ," ಎಂದಳು ಬೆರಿಲ್. "ಬಟ್ಟೆ ಕಟ್ಟಬಾರದು ಅಂತ ಎಲ್ಲಿದೆ ತೋರಿಸಿ, ಬಿಚ್ತೀನಿ."

ಅವಳು ತೋರಿಸಲಿಲ್ಲ. ಆ ಚಳಿಗಾಲವೆಲ್ಲ ವಿನ್ನಿ ಚೌಕಟ್ಟು ಹಿಡಿದು, ಒಂದೊಂದು ಬಿಳಿ ಬಾಗಿಲನ್ನೂ ದಾಟಿ, ಕೆಂಪು ಕಂಡಲ್ಲಿ ನಿಂತಳು.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಮನೆ ಖಾಲಿ ಮಾಡಲು ನಗರಸಭೆಯವರು ವಾರದೊಳಗೇ ಬಂದರು; ಕಾದಿರುವವರು ಬಹಳ ಮಂದಿ ಇದ್ದಾರಂತೆ. ಸಾಮಾನೆಲ್ಲ ಹೊರಹಾಕಿದ ಮೇಲೆ ಉಳಿದದ್ದು ಬಾಗಿಲ ಹಿಡಿಯ ಬಟ್ಟೆ. ಮಳೆಗೆ ನೆನೆದು ಒಣಗಿ ಅದರ ಗಂಟು ಕಲ್ಲಾಗಿತ್ತು. ಆಳು ಕತ್ತರಿ ತೆಗೆದ.

"ಬೇಡಪ್ಪ," ಎಂದಳು ಬೆರಿಲ್. "ನೀನು ಟೀ ಕುಡಿದು ಬಾ ಹೋಗು. ನಾನು ಬಿಚ್ತೀನಿ."

ಅವಳು ಹೊಸ್ತಿಲ ಮೇಲೆ ಕೂತು, ಉಗುರಿನಿಂದ ಒಂದೊಂದೇ ಎಳೆ ಸಡಿಲಿಸತೊಡಗಿದಳು.